ಸೊಂಟಕ್ಕೊಂದು ರಿವಾಲ್ವರ್

ಇಂದ್ರೇಶನ ಗ್ರಹಚಾರ ಕೆಟ್ಟಿದ್ದು ಕಾಫಿ ಮೆಷಿನ್ನಿನ ಮುಂದೆ. ಆಸ್ಟ್ರೇಲಿಯಾದ ಚಾಟ್ಸ್‌ವುಡ್‌ನ ಆ ಆಫೀಸಿನಲ್ಲಿ ಶುಕ್ರವಾರ ಜನವೇ ಇರುವುದಿಲ್ಲ. ಅರ್ಧಕ್ಕರ್ಧ ಮಂದಿ ಮನೆಯಿಂದ ಕೆಲಸ ಮಾಡುತ್ತೇವೆಂದು ಹೇಳಿ ಬಟ್ಟೆ ಒಗೆಯುತ್ತಿರುತ್ತಾರೆ. ಆದರೂ ಇಂದ್ರೇಶ ಬಂದಿದ್ದ. ಟೀಮ್ ಲೀಡ್ ಹುದ್ದೆ ಖಾಲಿ ಬಿದ್ದಿತ್ತು. ಅದು ತನಗೋ ಸುದರ್ಶನನಿಗೋ ಎಂಬುದು ಸೋಮವಾರ ತೀರ್ಮಾನವಾಗುವುದರಲ್ಲಿತ್ತು. ಬಾಸ್ ಕ್ರೇಗ್ ಶುಕ್ರವಾರವೂ ತಪ್ಪದೆ ಬರುವ ಆಸಾಮಿ. ಬಾಸಿನ ಕಣ್ಣಿಗೆ ಬೀಳುವುದೇ ಕೆಲಸ ಎಂದು ನಂಬಿದವನು ಇಂದ್ರೇಶ. ಕೆಲಸವನ್ನೇ ಕೆಲಸ ಎಂದು ನಂಬಿದ್ದ ಸುದರ್ಶನ ಪಾಪ ತನ್ನ ಮೇಜಿನಲ್ಲಿ ತಲೆ ಬಗ್ಗಿಸಿ ಕೂತಿದ್ದ.

"ಇಂದ್ರೇಶ್, ಈ ವೀಕೆಂಡ್ ಮೆಲ್ಬರ್ನ್‌ನಲ್ಲಿ ನನ್ನ ಬಕ್ಸ್ ಇದೆ" ಎಂದ ಕ್ರೇಗ್, ಲೋಟಕ್ಕೆ ಹಾಲು ಸುರಿದುಕೊಳ್ಳುತ್ತ. "ಹುಡುಗರಲ್ಲಿ ಒಬ್ಬ ಕೈಕೊಟ್ಟ, ಒಂದು ಜಾಗ ಖಾಲಿ ಇದೆ. ಸುದರ್ಶನ್‌ನ ಕೇಳಿದೆ, ಆಗಲ್ಲ ಅಂದ. ನೀನು ಬರ್ತೀಯಾ?"

ಬಕ್ಸ್ ಅಂದರೇನು ಎಂಬುದು ಇಂದ್ರೇಶನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ಅವನಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಎಂಟು ವರ್ಷ ಈ ದೇಶದಲ್ಲಿದ್ದು, ಇಲ್ಲೇ ನೆಲೆಸಲು ಪಿಆರ್ ತಗೊಂಡು, ಗಿರಾವೀನ್‌ನಲ್ಲಿ ಮನೆಯ ಮಾರ್ಟ್‌ಗೇಜ್ ಕಟ್ಟುತ್ತಿರುವ ಗೃಹಸ್ಥ ಒಂದು ಪದದ ಅರ್ಥ ಕೇಳುವುದೇ? ಮರ್ಯಾದೆಯ ಪ್ರಶ್ನೆ! "ಒಂದೇ ನಿಮಿಷ" ಎಂದು ಟಾಯ್ಲೆಟ್ಟಿಗೆ ಓಡಿ ಫೋನ್ ತೆಗೆದ. ಬಕ್ ಅಂದರೆ ಗಂಡು ಜಿಂಕೆ ಎಂದು ಬಂತು. ಹಾಗಿದ್ದರೆ ಇದು ಬೇಟೆಯೇ ಸರಿ ಎಂದುಕೊಂಡು 'ಮೆಲ್ಬರ್ನ್ ಬಕ್ಸ್ ಜಿಂಕೆ ಬೇಟೆ' ಎಂದು ಹುಡುಕಿದ. ಬೆಟ್ಟ, ಕಾಡು, ಬಂದೂಕು ಹಿಡಿದ ಗಡ್ಡದವರು, ಕೊಂಬಿನ ಜಿಂಕೆಗಳು ಸಾಲುಸಾಲಾಗಿ ಬಂದವು. ತನಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ತುರುಕಿ ಕೇಳುವವನಿಗೆ ಗೂಗಲ್ ತಾನೇ ಏನು ಮಾಡೀತು.

ವಾಪಸ್ ಬಂದವನು ಎದೆ ಉಬ್ಬಿಸಿ ಹೇಳಿದ. "ಬಕ್ಸಾ! ನಮ್ಮ ಮನೇಲಿ ಅದಿಲ್ಲದ ಭಾನುವಾರವೇ ಇರಲಿಲ್ಲ ಕ್ರೇಗ್."

ಕ್ರೇಗನ ಲೋಟ ಬಾಯಿಯ ಹತ್ತಿರ ನಿಂತಿತು. "ಪ್ರತಿ ಭಾನುವಾರ?"

"ಪ್ರತಿ ಭಾನುವಾರ. ಮೊದಲು ತಾತ ಒಬ್ಬರೇ ಹೋಗ್ತಿದ್ರು. ಆಮೇಲೆ ಅಜ್ಜಿನೂ ಸೇರ್ಕೊಂಡ್ರು."

"ಅಜ್ಜಿ?"

"ಹೌದು. ಹೊಡೆದು ಉರುಳಿಸೋದೇನು ಮಹಾ? ಚರ್ಮ ಸುಲಿಯೋದು, ಕೊಯ್ಯೋದು, ಬೇಯಿಸೋದು, ಅದು ವಿದ್ಯೆ. ಅದೆಲ್ಲ ನಮ್ಮನೇಲಿ ನಾವೇ. ನಾನಂತೂ ಹತ್ತನೇ ವಯಸ್ಸಿಗೇ ಚಾಕು ಹಿಡಿದೋನು."

ಕ್ರೇಗ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಮೊದಲು ಹುಬ್ಬು ಗಂಟಾಯಿತು, ಆಮೇಲೆ ಮುಖ ಅರಳಿತು, ಕೊನೆಗೆ ಕಾಫಿ ಚೆಲ್ಲುವಷ್ಟು ಜೋರಾಗಿ ನಕ್ಕು ಇಂದ್ರೇಶನ ಬೆನ್ನಿಗೊಂದು ಬಿಟ್ಟ. "ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ, ಮೇಟ್? ನಾನು ಮಧ್ಯಾಹ್ನದ ಫ್ಲೈಟಿಗೆ ಹೋಗ್ತೀನಿ. ನೀನು ಸಂಜೆ ಬಂದ್ಬಿಡು. ನನಗೊಂದು ಐಡಿಯಾ ಬಂತು" ಎಂದವನೇ ಯಾರಿಗೋ ಫೋನ್ ಹಚ್ಚುತ್ತ ಹೊರಟುಹೋದ.

ನಿಜ ಸಂಗತಿ ಹೇಳಿಬಿಡೋಣ. ಇಂದ್ರೇಶನ ತಾತ ಮೈಸೂರಿನ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅವರು ಜನ್ಮದಲ್ಲಿ ಆಡಿದ ಬೇಟೆ ಎಂದರೆ ತಾರಸಿಯ ಮೇಲೆ ಹಪ್ಪಳ ಒಣಗಿಸಿದಾಗ ಕಾಗೆ ಓಡಿಸಿದ್ದು. ಅದರಲ್ಲೂ ಎಷ್ಟೋ ಸಲ ಕಾಗೆಯೇ ಗೆದ್ದಿತ್ತು. ಅಜ್ಜಿಯ ಅಡುಗೆಮನೆಗೆ ಈರುಳ್ಳಿ ಕೂಡ ಹೊಕ್ಕಿರಲಿಲ್ಲ. ಇಂದ್ರೇಶನೋ, ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬದ ಕೇಕ್ ಬಂದರೆ ಮೊಟ್ಟೆ ಇದೆಯಾ ಎಂದು ಮೂರು ಸಲ ಕೇಳುವವನು, ಗಡ್ಡ ಕೆರೆಯುವಾಗ ಒಂದು ಹನಿ ರಕ್ತ ಬಂದರೆ ಮಂಚದ ಮೇಲೆ ಒರಗುವವನು. ಇಂಥ ಮಹಾಶಯನಿಗೆ ಬೇಟೆಯ ಚಪಲ!

ಸುದರ್ಶನ ತಲೆಯೆತ್ತಿ ಕೇಳಿದ. "ನೀವು ಹೋಗ್ತೀರಾ ಇಂದ್ರೇಶ್? ನಾನು ನೇರವಾಗಿ ಹೇಳ್ಬಿಟ್ಟೆ. ಕುಡಿಯಲ್ಲ, ಮಾಂಸ ತಿನ್ನಲ್ಲ, ನಾನು ಬಂದ್ರೆ ನಿಮಗೂ ಬೇಜಾರು ನನಗೂ ಬೇಜಾರು ಅಂತ."

"ಅದಕ್ಕೇ ನೀವು ಇಲ್ಲೇ ಕೂತಿರೋದು" ಎಂದ ಇಂದ್ರೇಶ, ಮರುಕದಿಂದ. ಲ್ಯಾಪ್‌ಟಾಪ್ ಮುಚ್ಚಿ ಗಿರಾವೀನ್ ಟ್ರೇನ್ ಹಿಡಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಟೀಮ್ ಲೀಡ್ ಕುರ್ಚಿ ತಿರುಗುತ್ತಿತ್ತು.

ಗಿರಾವೀನ್‌ನಲ್ಲಿ ಅವನ ಪಕ್ಕದ ಮನೆಯ ಗ್ಯಾರೇಜೇ ಆ ಬೀದಿಯ ಕನ್ನಡಿಗರ ನ್ಯಾಯಸ್ಥಾನ. ನ್ಯಾಯಾಧೀಶರು ಬದರಿನಾಥ ಅಂಕಲ್. ಮಗನ ಜೊತೆ ಇರಲು ಬಂದ ಈ ನಿವೃತ್ತ ಬ್ಯಾಂಕ್ ಮ್ಯಾನೇಜರು ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಒಂದು ಗುಂಡು ಹಾರಿಸಿದ್ದರು. ಆ ಗುಂಡು ಎಲ್ಲಿ ಹೋಯಿತು ಎಂದು ಇವತ್ತಿಗೂ ಪತ್ತೆಯಿಲ್ಲ. ಆದರೆ ಆವತ್ತಿನಿಂದ ಶಸ್ತ್ರಾಸ್ತ್ರಗಳ ವಿಷಯದಲ್ಲಿ ಅವರ ಮಾತೇ ಕೊನೆ. ಅವರ ಜೊತೆ ಕೂತಿದ್ದವನು ಎದುರುಮನೆಯ ಅಣ್ಣು, ಉಡುಪಿಯವನು. ಅದೇ ಊರಿನ ಲಿವರ್‌ಪೂಲ್ ಬಡಾವಣೆ ಕಡೆ ಯಾವುದೋ ಎಕ್ಸ್‌ರೇ ಸೆಂಟರಿನ ಕೌಂಟರಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವುದು ಅವನ ಕೆಲಸ. ಉಳಿದ ಹೊತ್ತೆಲ್ಲ ಅಮೆರಿಕದವರ ಯೂಟ್ಯೂಬ್ ನೋಡುವುದು ಅವನ ಕಸುಬು.

ಸುದ್ದಿ ಕೇಳಿದ್ದೇ ತಡ, ಅಣ್ಣು ಕುರ್ಚಿಯಿಂದ ಎದ್ದ. "ಜಿಂಕೆ ಬೇಟೆಯಾ? ಹಾಗಾದ್ರೆ ನಿಂಗೆ ರಿವಾಲ್ವರ್ ಬೇಕು ಮಾರಾಯ!"

"ಬೇಟೆಗೆ ರೈಫಲ್ ಅಲ್ವಾ?"

"ರೈಫಲ್ ಅವರು ಕೊಡ್ತಾರೆ ಕಣಯ್ಯಾ" ಎಂದರು ಅಂಕಲ್. "ಸೊಂಟದ ರಿವಾಲ್ವರ್ ಮಾತ್ರ ಸ್ವಂತದ್ದು ಇರ್ಬೇಕು, ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ. ಇನ್ನೊಬ್ಬರದ್ದು ಕೇಳಕ್ಕಾಗತ್ತಾ?"

"ಅಲ್ಲ, ಎರಡೆರಡು ಯಾಕೆ?"

"ಕರಡಿ ಬಂದ್ರೆ?" ಎಂದ ಅಣ್ಣು. "ಆ ವಿಡಿಯೋದವನು ಹೇಳಿದ್ದಾನೆ. ಕರಡಿ ಮೈಮೇಲೆ ಬಿದ್ದಾಗ ಉದ್ದದ ಬಂದೂಕು ತಿರುಗಿಸ್ಲಿಕ್ಕೆ ಆಗೂದಿಲ್ಲ. ಸೊಂಟದಿಂದ ತೆಗೀಬೇಕು, ಢಂ ಅನ್ನಿಸ್ಬೇಕು."

"ಆಸ್ಟ್ರೇಲಿಯಾದಲ್ಲಿ ಕರಡಿ ಎಲ್ಲಿದೆಯಪ್ಪಾ?"

"ಕೋಆಲಾ ಬೇರ್ ಅಂತ ಹೇಳ್ತಾರಲ್ಲ, ಮತ್ತೆ ಅದು ಎಂಥದು?"

ಮರದಲ್ಲಿ ಕೂತು ಎಲೆ ತಿನ್ನುವ ಕೋಆಲಾವೂ ಕರಡಿಯೇ ಎಂದು ಆ ಗ್ಯಾರೇಜು ಒಪ್ಪಿಕೊಂಡಿತು. ಹಾಗಾಗಿ ರಿವಾಲ್ವರ್ ಆಯ್ಕೆ ಶುರುವಾಯಿತು. ಹೆಣ್ಣು ನೋಡುವಾಗಲೂ ಜನ ಅಷ್ಟು ಚೌಕಾಸಿ ಮಾಡುವುದಿಲ್ಲ. ಕೊಳವೆ ನಾಲ್ಕಿಂಚು ಇರಬೇಕೋ ಆರಿಂಚೋ? ಆರಿಂಚಾದರೆ ಕೂತಾಗ ತೊಡೆಗೆ ಚುಚ್ಚುತ್ತದೆ ಎಂದರು ಅಂಕಲ್, ದಿನಾ ಚುಚ್ಚಿಸಿಕೊಂಡವರ ಹಾಗೆ. ನಾಲ್ಕಿಂಚಾದರೆ ಗುರಿ ತಪ್ಪುತ್ತದೆ ಎಂದ ಅಣ್ಣು. ಅಂಕಲ್ ಹಾರಿಸಿದ ಗುಂಡಿನ ಗುರಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕಪ್ಪು ಬಣ್ಣವೋ ಸ್ಟೀಲೋ? ಬೆವರಿಗೆ ತುಕ್ಕು ಹಿಡಿಯುತ್ತದೆ, ಸ್ಟೀಲೇ ಒಳ್ಳೆಯದು, ಪಾತ್ರೆ ತೊಳೆಯುವ ಸೋಪಿನಲ್ಲೇ ತೊಳೆಯಬಹುದು. ಹಿಡಿ ಮರದ್ದೋ ರಬ್ಬರಿನದ್ದೋ? ಮರ, ಯಾಕೆಂದರೆ ಮನೆಗೆ ಬಂದವರಿಗೆ ತೋರಿಸುವಾಗ ರಬ್ಬರು ಚಪ್ಪಲಿಯ ಹಾಗೆ ಕಾಣುತ್ತದೆ. ಒಂದೂವರೆ ಗಂಟೆಯ ಮೇಲೆ ತೀರ್ಪು ಬಂತು. ನಾಲ್ಕಿಂಚು, ಆರು ಗುಂಡು, ಸ್ಟೀಲು, ಮರದ ಹಿಡಿ. ಈ ದೇಶದಲ್ಲಿ ಅದನ್ನು ಇವರ ಕೈಗೆ ಯಾರು ಕೊಡುತ್ತಾರೆ ಎಂಬ ಮಾತು ಮಾತ್ರ ಮೂರೂ ತಲೆಗೆ ಹೊಳೆಯಲಿಲ್ಲ.

ಅಣ್ಣುವಿನ ಕಾರಿನಲ್ಲಿ ಹೊರಟು ಬಂದೂಕಿನ ಅಂಗಡಿಯೊಂದನ್ನು ಹುಡುಕಿದರು. ಗಲ್ಲಾದಲ್ಲಿ ಬಿಳಿ ಗಡ್ಡದ ಮುದುಕ. ಇಂದ್ರೇಶ ಹೋಟೆಲಿನಲ್ಲಿ ಮಸಾಲೆ ದೋಸೆ ಹೇಳುವ ಧಾಟಿಯಲ್ಲಿ "ಒಂದು ರಿವಾಲ್ವರ್, ನಾಲ್ಕಿಂಚು, ಸ್ಟೀಲು" ಎಂದ.

"ಲೈಸೆನ್ಸ್?"

ಇಂದ್ರೇಶ ಡ್ರೈವಿಂಗ್ ಲೈಸೆನ್ಸ್ ಕೊಟ್ಟ. ಮುದುಕ ಅದನ್ನು ಒಂದು ಸಲ ನೋಡಿ, ಇಂದ್ರೇಶನನ್ನು ಒಂದು ಸಲ ನೋಡಿ, ಸಮಾಧಾನದಿಂದ ಕೇಳಿದ. "ಗನ್ ಇಟ್ಕೊಳ್ಳೋದಕ್ಕೆ ಕಾನೂನಿನ ಪ್ರಕಾರ ಸರಿಯಾದ ಕಾರಣ ತೋರಿಸ್ಬೇಕು. ನಿಮ್ಮ ಕಾರಣ ಏನು?"

"ಟೀಮ್ ಲೀಡ್ ಆಗ್ಬೇಕು" ಎಂದ ಇಂದ್ರೇಶ. ಬೆಳಿಗ್ಗೆಯಿಂದ ಅವನು ಆಡಿದ ಒಂದೇ ಒಂದು ಸತ್ಯ ಇದು.

ಮುದುಕ ಕನ್ನಡಕ ತೆಗೆದು ಒರೆಸಿದ. ರಿವಾಲ್ವರ್ ಅನ್ನುವುದು ಇಲ್ಲಿ ಕ್ಲಬ್ ಸೇರಿ, ತರಬೇತಿ ಪಡೆದು, ತಿಂಗಳುಗಟ್ಟಲೆ ಕಾದವರಿಗೆ ಗುರಿ ಅಭ್ಯಾಸಕ್ಕೆ ಕೊಡುವುದು. ಅದನ್ನು ಹಿಡಿದು ಜಿಂಕೆ ಬೇಟೆಗೆ ಹೋಗುವ ಹಾಗೇ ಇಲ್ಲ, ಈ ರಾಜ್ಯದಲ್ಲೂ ಇಲ್ಲ, ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲೂ ಇಲ್ಲ. "ಸಿನಿಮಾ ಕಡಿಮೆ ನೋಡಿ" ಎಂದು ಹೇಳಿ ಬಾಗಿಲು ತೋರಿಸಿದ.

"ಅವನಿಗೆ ನಮ್ಮವರನ್ನ ಕಂಡ್ರೆ ಆಗೂದಿಲ್ಲ, ಅಷ್ಟೇ" ಎಂದ ಅಣ್ಣು, ಕಾರು ಹತ್ತಿದ ಮೇಲೆ. ತಪ್ಪು ತಮ್ಮದಾದಾಗಲೆಲ್ಲ ಇವರಿಗೆ ಈ ಮಾತು ಕೈಗೆ ಸಿಗುವಂತೆಯೇ ಇರುತ್ತದೆ.

ಗ್ಯಾರೇಜಿನಲ್ಲಿ ಅಂಕಲ್ ಸೋಲೊಪ್ಪಲಿಲ್ಲ. ಅವರ ಮಗ ಯಾವುದೋ ವೇಷದ ಪಾರ್ಟಿಗೆ ಕೊಂಡಿದ್ದ ರಿವಾಲ್ವರ್ ಇಡುವ ಚರ್ಮದ ಸೊಂಟದ ಚೀಲವೊಂದನ್ನು ಒಳಗಿಂದ ತಂದರು. "ರಿವಾಲ್ವರ್ ಇಲ್ದಿದ್ರೆ ಕತ್ತೆ ಬಾಲ. ಚೀಲ ಉಬ್ಬಿರ್ಬೇಕು, ಅಷ್ಟೇ. ಇದನ್ನ ಕಟ್ಕೊಂಡು ಬಾಸ್ ಮುಂದೆ ನಿಂತ್ಕೋ. ಒಳಗೇನಿದೆ ಅಂತ ಬಿಚ್ಚಿ ನೋಡೋರು ಯಾರು?"

ಉಬ್ಬಿಸುವ ಸಾಮಾನಿಗಾಗಿ ಮೂವರೂ ಇಂದ್ರೇಶನ ಅಡುಗೆಮನೆಗೆ ನುಗ್ಗಿದರು. ಬಾಳೆಕಾಯಿ ತುರುಕಿ ನೋಡಿದರು, ಜೋಲು ಬಿತ್ತು. ಲಟ್ಟಣಿಗೆ ಉದ್ದವಾಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಹಿತ್ತಾಳೆಯ ಚಕ್ಕುಲಿ ಒರಳು. ಗುಂಡಗಿನ ಕೊಳವೆ, ಪಕ್ಕದಲ್ಲಿ ಹಿಡಿ. ಚೀಲದೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಅದನ್ಯಾಕ್ರೀ ಮುಟ್ಟಿದ್ರಿ?" ಹೆಂಡತಿ ಮಧುರಾ ಲ್ಯಾಪ್‌ಟಾಪ್ ಬಿಟ್ಟು ಓಡಿಬಂದಳು. "ನಮ್ಮಮ್ಮ ಕೊಟ್ಟಿದ್ದು ಕಣ್ರೀ ಅದು. ಮಡಿ ಒರಳು. ಮುಂದಿನ ವಾರ ದೀಪಾವಳಿ, ದೇವರಿಗೆ ಚಕ್ಕುಲಿ ಒತ್ತಬೇಕು ಅಂತ ತೊಳೆದಿಟ್ಟಿದೀನಿ."

"ಭಾನುವಾರ ವಾಪಸ್ ತರ್ತೀನಿ. ನನ್ನ ಪ್ರಮೋಷನ್ ಪ್ರಶ್ನೆ ಮಧು!"

"ಚಕ್ಕುಲಿ ಒರಳು ನೋಡಿ ಯಾರಾದ್ರೂ ಪ್ರಮೋಷನ್ ಕೊಡ್ತಾರಾ? ಅಲ್ಲಾರೀ, ಬಕ್ಸ್ ಅಂದ್ರೆ ಜಿಂಕೆ ಬೇಟೆನೇ ಅಂತ ಯಾರನ್ನಾದ್ರೂ ಕೇಳಿದ್ರಾ?"

"ಕೇಳೋದೇನಿದೆ? ಇಂಗ್ಲಿಷ್ ನನಗೆ ಹೇಳ್ಕೊಡ್ತೀಯಾ?"

ಮಧುರಾ ಕೈಚೆಲ್ಲಿದಳು. "ಏನಾದ್ರೂ ಮಾಡ್ಕೊಳ್ಳಿ. ಆ ಒರಳಿಗೆ ಮಾಂಸದ ಗಾಳಿ ಸೋಕಿದ್ರೂ ನೀವು ಈ ಮನೆಗೆ ಬರಬೇಡಿ. ಅಮ್ಮನಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು." ಇಂದ್ರೇಶ ದೇವರ ಮನೆಯ ಮುಂದೆ ನಿಂತು ಆಣೆ ಮಾಡಿದ ಮೇಲೆಯೇ ಚೀಲ ಅವನ ಕೈಗೆ ಬಂದದ್ದು.

ಏರ್‌ಪೋರ್ಟಿಗೆ ಬಿಡುವಾಗ ಅಣ್ಣು ಧೈರ್ಯ ತುಂಬಿದ. "ಹ್ಯಾಂಡ್‌ಬ್ಯಾಗಲ್ಲೇ ಇಡು. ಎಕ್ಸ್‌ರೇಯಲ್ಲಿ ಹಿತ್ತಾಳೆ ಕಾಣೂದೇ ಇಲ್ಲ ಮಾರಾಯ. ನಾನು ಫೀಲ್ಡಲ್ಲೇ ಇದ್ದೇನಲ್ಲ?"

ಸೆಕ್ಯೂರಿಟಿಯ ಸಾಲಿನಲ್ಲಿ ಇಂದ್ರೇಶ ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಶೂ ಹಿಡಿದು ನಿಂತಿದ್ದಾಗ ಟ್ರೇಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಬದರಿನಾಥ ಅಂಕಲ್. ಮೊಣಕೈಯಿಂದಲೇ ಒತ್ತಿದ. ಅದು ಸ್ಪೀಕರಿಗೆ ಹೋಯಿತು. ಅಂಕಲ್‌ಗೆ ಮೊದಲೇ ಕಿವಿ ಮಂದ, ಹಾಗಾಗಿ ಇಡೀ ಜಗತ್ತಿಗೇ ಕಿವಿ ಮಂದ ಎಂದು ತಿಳಿದು ಮಾತಾಡುವವರು.

"ಏನಯ್ಯಾ! ರಿವಾಲ್ವರ್ ಎಲ್ಲಿಟ್ಟೆ?"

ಇಂದ್ರೇಶನಿಗೆ ಒಂದು ಚೂರೂ ಹೆದರಿಕೆಯಾಗಲಿಲ್ಲ. ಸುತ್ತ ಇದ್ದವರೆಲ್ಲ ಬಿಳಿಯರು, ಚೀನಾದವರು. ಕನ್ನಡದಲ್ಲಿ ಆಡಿದ ಮಾತು ಬೀಗ ಹಾಕಿದ ಪೆಟ್ಟಿಗೆ ಇದ್ದಂತೆ ಎಂಬುದು ಅವನ ನಂಬಿಕೆ. ಅವನೂ ಗಂಟಲೆತ್ತಿದ. "ರಿವಾಲ್ವರ್ ಹ್ಯಾಂಡ್‌ಬ್ಯಾಗಲ್ಲೇ ಇದೆ ಅಂಕಲ್! ಬುಲೆಟ್ ಒಂದಿಲ್ಲ ಅಷ್ಟೇ! ಸೆಕ್ಯೂರಿಟಿಯವರಿಗೇನು ಗೊತ್ತಾಗುತ್ತೆ, ಬಾಸ್‌ಗೆ ಶಾಕ್ ಕೊಟ್ಬಿಡ್ತೀನಿ!"

ಇಡೀ ಮಾತಿನಲ್ಲಿ ಕನ್ನಡ ಎಷ್ಟಿತ್ತು? ಒಗ್ಗರಣೆಯ ಸಾಸಿವೆಯಷ್ಟು. ಅಲ್ಲಿದ್ದ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ಬರಬೇಕಾದ ಅಗತ್ಯವೂ ಬೀಳಲಿಲ್ಲ. ಅಷ್ಟರಲ್ಲಿ ಎಕ್ಸ್‌ರೇ ಪರದೆಯ ಮೇಲೆ, ಅಣ್ಣು ಕಾಣುವುದೇ ಇಲ್ಲ ಎಂದಿದ್ದ ಹಿತ್ತಾಳೆ, ಚರ್ಮದ ಚೀಲದೊಳಗೆ ಕೊಳವೆ ಸಮೇತ, ಹಿಡಿ ಸಮೇತ ಚೆನ್ನಾಗಿ ಕಂಡಿತು. ಸಾಮಾನು ಸಾಗಿಸುವ ಪಟ್ಟಿ ನಿಂತಿತು. ಸಾಲು ಚದುರಿತು. ಒಂದು ಕೈಯಲ್ಲಿ ಬೆಲ್ಟು, ಒಂದು ಕೈಯಲ್ಲಿ ಶೂ ಇದ್ದುದರಿಂದ ಇಂದ್ರೇಶನ ಕೈ ಎತ್ತಿಸುವುದು ಪೊಲೀಸರಿಗೆ ಕಷ್ಟವಾಗಲಿಲ್ಲ. ಪ್ಯಾಂಟು ಮಾತ್ರ ತುಸು ಇಳಿಯಿತು.

ಒಳಗಿನ ಕೋಣೆಯಲ್ಲಿ ಪೊಲೀಸ್ ಅಧಿಕಾರಿಣಿ ಒರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದು ಅಡುಗೆ ಸಾಮಾನು ಎಂದು ಒಪ್ಪಿಸಲು ಇಂದ್ರೇಶ ಗಾಳಿಯಲ್ಲಿ ಚಕ್ಕುಲಿ ಒತ್ತಿ ತೋರಿಸಬೇಕಾಯಿತು. ಎರಡು ಸುತ್ತು ಒತ್ತಿದ ಮೇಲೆ ಆಕೆ ಸಾಕು ಎಂದಳು.

"ಇದನ್ನು ರಿವಾಲ್ವರ್ ಅಂತ ಯಾಕೆ ಅಂದ್ರಿ? ಎಲ್ಲಿಗೆ ಹೊರಟಿದೀರಿ?"

"ಬಾಸ್‌ನ ಬಕ್ಸ್‌ಗೆ."

"ಅಲ್ಲಿಗೆ ರಿವಾಲ್ವರ್ ಯಾಕೆ?"

"ಬಕ್ಸ್ ಹೊಡೆಯೋದಕ್ಕೆ" ಎಂದ ಇಂದ್ರೇಶ, ಇಷ್ಟೂ ತಿಳಿಯದೇ ಎಂಬಂತೆ.

ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. ತುಟಿ ಬಿಗಿಹಿಡಿದು ನೋಡಿದಳು, ಆಗಲಿಲ್ಲ, ಮೇಜಿಗೆ ತಲೆಯಿಟ್ಟು ನಕ್ಕಳು. ಪಕ್ಕದ ಕೋಣೆಯವರನ್ನೂ ಕರೆದು ಹೇಳಿ ಇನ್ನೊಂದು ಸಲ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ತಿಳಿಸಿ ಹೇಳಿದಳು. ಮದುವೆಯಾಗುವ ಗಂಡಿಗೆ ಗೆಳೆಯರೆಲ್ಲ ಸೇರಿ, ಮದುವೆಗೆ ಮುಂಚೆ, ಮನಸೋ ಇಚ್ಛೆ ಕುಡಿಸಿ ಕುಣಿಸುವ ಪಾರ್ಟಿಗೆ ಈ ದೇಶದಲ್ಲಿ ಬಕ್ಸ್ ಎನ್ನುತ್ತಾರೆ. ಅದರಲ್ಲಿ ಹೊಡೆಯುವುದೇನಿದ್ದರೂ ಬಿಯರು. "ಏರ್‌ಪೋರ್ಟಲ್ಲಿ ಇನ್ನೊಂದು ಸಲ ಯಾವ ಭಾಷೇಲೂ ಆ ಪದ ಹೇಳ್ಬೇಡಿ" ಎಂದು ಗದರಿ, ಮುಚ್ಚಳಿಕೆ ಬರೆಸಿಕೊಂಡು, ಒರಳು ಕೈಗಿತ್ತು ಮುಂದಿನ ಫ್ಲೈಟಿಗೆ ಬಿಟ್ಟಳು.

ಇಂದ್ರೇಶನಿಗೆ ಅವಮಾನಕ್ಕಿಂತ ನೆಮ್ಮದಿಯೇ ಹೆಚ್ಚಾಯಿತು. ಅಬ್ಬಾ, ರಕ್ತವಿಲ್ಲ, ಕಾಡಿಲ್ಲ! ಒಂದು ಮೂಲೆಯಲ್ಲಿ ನಿಂಬೆರಸ ಹಿಡಿದು ನಿಂತು, ಕ್ರೇಗ್ ಹೇಳಿದ ಜೋಕಿಗೆಲ್ಲ ಹಲ್ಲು ಬಿಟ್ಟರೆ ಮುಗಿಯಿತು, ಲೀಡ್ ತನ್ನದೇ. ವಿಮಾನದ ಟಾಯ್ಲೆಟ್ಟಿನಲ್ಲಿ ಹೂವಿನ ಶರ್ಟು ಹಾಕಿಕೊಂಡ. ಬೆಳಿಗ್ಗೆ ತಾತ ಅಜ್ಜಿ ಎಂದು ಬಡಬಡಿಸಿದ್ದು ನೆನಪಾಗಿ ಮಾತ್ರ ಒಂದು ಗುಂಡಿ ತಪ್ಪಿ ಹಾಕಿಕೊಂಡ.

ಮೆಲ್ಬರ್ನ್‌ನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಕ್ರೇಗ್ ಹೊರಗೆ ಕಾದಿದ್ದ, ಮಂಡಿಯವರೆಗೆ ಕೆಸರಾದ ಬೂಟು, ತಲೆಗೆ ಹ್ಯಾಟು. ಪಬ್ಬಿಗೆ ಹೊರಟವನ ವೇಷ ಅದಾಗಿರಲಿಲ್ಲ. ಗಾಡಿ ಊರು ದಾಟಿ ಬೆಟ್ಟದ ಕಡೆ ತಿರುಗಿತು.

"ಮೊದಲು ಒಂದು ವಿಷಯ ಹೇಳ್ಬಿಡ್ತೀನಿ" ಎಂದ ಕ್ರೇಗ್. "ಟೀಮ್ ಲೀಡ್ ಸುದರ್ಶನ್‌ಗೆ ಕೊಟ್ಟೆ. ಮಧ್ಯಾಹ್ನವೇ ಮೇಲ್ ಕಳಿಸಿದೆ. ಕುಡಿಯಲ್ಲ, ತಿನ್ನಲ್ಲ, ಬರಲ್ಲ ಅಂತ ಬಾಸ್ ಮುಖಕ್ಕೇ ಹೇಳ್ದ ನೋಡು, ನಾನು ಹನಿಮೂನಿಗೆ ಹೋದಾಗ ಆಫೀಸ್ ನೋಡ್ಕೊಳ್ಳೋಕೆ ಅಂಥವನೇ ಬೇಕು. ನಿನ್ನಂಥ ಕಾಡು ಮನುಷ್ಯನನ್ನ ಕುರ್ಚಿಗೆ ಕಟ್ಟಿ ಹಾಕೋದು ಪಾಪ."

ಇಂದ್ರೇಶ ಸೀಟಿನ ಅಂಚಿಗೆ ಸರಿದ. "ಪಾರ್ಟಿ ಎಲ್ಲಿ ಕ್ರೇಗ್?"

"ಪಬ್ ಎಲ್ಲ ಕ್ಯಾನ್ಸಲ್! ನಿಮ್ಮ ತಾತ ಅಜ್ಜಿ ಪ್ರತಿ ಭಾನುವಾರ ಬಕ್ಸ್ ಮಾಡ್ತಾರೆ ಅಂದಾಗ ಇದೆಂಥ ಮನೆತನವಪ್ಪಾ ಅಂತ ನನಗೆ ದಿಗಿಲಾಯ್ತು. ಚರ್ಮ ಸುಲಿಯೋದು ಅಂದಾಗ ಗೊತ್ತಾಯ್ತು, ನೀನು ನಿಜವಾದ ಜಿಂಕೆ ವಿಷಯ ಹೇಳ್ತಿದೀಯ ಅಂತ. ನನ್ನ ಮಾವ ಆಗೋರ ದ್ರಾಕ್ಷಿ ತೋಟ ಇಲ್ಲೇ ಇದೆ, ಅವರಿಗೆ ಜಿಂಕೆ ಕಾಟ. ಆಫೀಸಿನಿಂದಲೇ ಅವರಿಗೆ ಫೋನ್ ಮಾಡಿದೆ. ಬಂದೂಕು, ಲೈಸೆನ್ಸು ಎಲ್ಲ ಅವರ ಹತ್ರ ಇದೆ. ಆಗಲೇ ಒಂದು ಹೊಡೆದು ತೂಗುಹಾಕಿದ್ದಾರೆ. ನೀನು ಬರೋವರೆಗೂ ಯಾರೂ ಮುಟ್ಟಕೂಡದು ಅಂತ ಹೇಳಿದೀನಿ. ಹೊಡೆಯೋದೇನು ಮಹಾ, ಆಮೇಲಿಂದೇ ವಿದ್ಯೆ ಅಂದಿದ್ಯಲ್ಲ?"

ತೋಟದ ಶೆಡ್ಡಿನಲ್ಲಿ ಎಂಟು ಹತ್ತು ಮಂದಿ ಬಿಯರ್ ಹಿಡಿದು ಅರ್ಧಚಂದ್ರಾಕಾರವಾಗಿ ನಿಂತಿದ್ದರು. ನಡುವೆ ಕೊಕ್ಕೆಗೆ ಜಿಂಕೆ ತೂಗುತ್ತಿತ್ತು. ಕ್ರೇಗನ ಮಾವ, ಬಾಗಿಲಗಲದ ಮನುಷ್ಯ, ಒಂದು ಚಾಕುವನ್ನು ಗೌರವದಿಂದ ಎರಡೂ ಕೈಯಲ್ಲಿ ಇಂದ್ರೇಶನಿಗೆ ಒಪ್ಪಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೂವಿನ ಶರ್ಟಿನ ಇಂದ್ರೇಶ ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ನಿಂತ. ಹೆಗಲಿನಿಂದ ಬ್ಯಾಗು ಜಾರಿ ಬಿತ್ತು. ಚೀಲ ಹೊರಗೆ ಬಂತು, ಚೀಲದಿಂದ ಒರಳು ಉರುಳಿ ಸೀದಾ ಮಾವನ ಬೂಟಿನ ಬುಡಕ್ಕೆ ಹೋಗಿ ನಿಂತಿತು.

ಮಾವ ಅದನ್ನು ಎತ್ತಿಕೊಂಡ. ಕೊಳವೆಯೊಳಗೆ ಇಣುಕಿದ. ಹಿಡಿ ಒತ್ತಿ ನೋಡಿದ. ಅವನ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. "ನೋಡಿ ಹುಡುಗರಾ, ಬೇಟೆಗಾರ ಅಂದ್ರೆ ಇವನು! ಕೊಚ್ಚಿದ ಮಾಂಸ ಒತ್ತೋಕೆ ಸ್ವಂತ ಸಾಮಾನು ತಂದಿದಾನೆ, ಅದೂ ಸೊಂಟಕ್ಕೆ ಕಟ್ಟೋ ಚೀಲದಲ್ಲಿ!"

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಮಧುರಾ. ಇಂದ್ರೇಶ ಮೂಲೆಗೆ ಸರಿದು, ಈ ಸಲ ಪೊಲೀಸರಿಂದ ಕಲಿತ ಪಾಠ ನೆನೆದು, ಒಂದೂ ಇಂಗ್ಲಿಷ್ ಪದ ಬೆರೆಸದೆ ಮಾತಾಡಿದ.

"ತಲುಪಿದೆ. ಎಲ್ಲ ಕ್ಷೇಮ."

"ಇದೇನ್ರೀ, ಹಳೇ ಕಾಗದ ಬರೆದ ಹಾಗೆ ಮಾತಾಡ್ತಿದೀರಿ? ಒರಳು ಹುಷಾರಾಗಿದೆ ತಾನೆ? ಅಮ್ಮ ಈಗ ತಾನೆ ಕೇಳಿದ್ರು."

"ಇದೆ, ಇದೆ. ಕಣ್ಣ ಮುಂದೆನೇ ಇದೆ. ಭಾನುವಾರ ತರುತ್ತೇನೆ."

ಕಣ್ಣ ಮುಂದೆಯೇ ಇತ್ತು. ಮಾವ ಅದನ್ನು ನಲ್ಲಿಯಡಿ ತೊಳೆದು ಮೇಜಿನ ಮೇಲೆ, ಮಾಂಸಕ್ಕೆಂದು ಇಟ್ಟ ಖಾಲಿ ತಟ್ಟೆಯ ಪಕ್ಕದಲ್ಲಿ ಸಿದ್ಧವಾಗಿ ಇಡುತ್ತಿದ್ದ. ಹಿಂದಿನಿಂದ ಕ್ರೇಗ್ ಶೆಡ್ಡಿನ ತಗಡು ನಡುಗುವಂತೆ ಕೂಗಿದ. "ಇಂದ್ರೇಶ್, ಬಾ ಮೇಟ್! ಸಾಸೇಜ್! ಸಾಸೇಜ್!"

ಫೋನಿನ ಆ ತುದಿಯಿಂದ ಮಧುರಾ ಬಹಳ ಮೆತ್ತಗೆ ಕೇಳಿದಳು.

"ರೀ, ಸಾಸೇಜ್ ಅಂದ್ರಲ್ಲ ಯಾರೋ. ಯಾವ ಒರಳಲ್ಲಿ?"